ಕಾವಲು ಸಾಕಿದ ತಳಿ

ಮಲೆನಾಡಿನ ಬೆಟ್ಟಗಳು ಪಡುವಲಲ್ಲಿ ನೀಲಿಗೆರೆಯಾಗಿ ಕಾಣುತ್ತಿರುವಂತೆಯೇ ಬಯಲುಸೀಮೆ ತನ್ನ ಆಳ್ವಿಕೆಯನ್ನು ಆರಂಭಿಸುವ ಕಡೂರು, ತರೀಕೆರೆ, ಹೊಸದುರ್ಗಗಳ ನಡುನಾಡಿನಲ್ಲಿ ಸಂಚರಿಸುವವನು, ರಾಗಿಯ ಹೊಲಗಳೂ ತೆಂಗಿನ ತೋಟಗಳೂ ಹಿಂದೆ ಸರಿದು, ಉಳುಮೆಯ ಗೆರೆಯೊಂದೂ ಇಲ್ಲದ, ಹುಲ್ಲೇ ಹುಲ್ಲಾಗಿ ಹಬ್ಬಿದ ವಿಸ್ತಾರವಾದ ಬಯಲೊಂದು ತನ್ನೆದುರಿಗೆ ತೆರೆದುಕೊಂಡಾಗ, ಇದು ಯಾರಿಗೂ ಬೇಡವಾದ ಬಂಜರು ನೆಲವೆಂದು ಭಾವಿಸಿ ಮುಂದೆ ಸಾಗುವುದು ಸಹಜವೇ ಆಗಿದೆ. ಊರವರನ್ನು ಕೇಳಿದರೆ ಅವರು ಅದನ್ನು ಬಂಜರೆನ್ನುವುದಿಲ್ಲ, ‘ಕಾವಲು’ ಎನ್ನುತ್ತಾರೆ. ಕಾಯುವ ಕೆಲಸಕ್ಕೂ ಕಾಯ್ದ ನೆಲಕ್ಕೂ ಒಂದೇ ಹೆಸರಾಗಿ ನಿಂತಿರುವ ಈ ಪುಟ್ಟ ಪದದಲ್ಲಿ ಮೈಸೂರು ಸೀಮೆಯ ಮುನ್ನೂರು ವರ್ಷಗಳಿಗೂ ಮಿಕ್ಕ ಚರಿತ್ರೆಯೊಂದು ಅಡಗಿದೆ. ಆ ಚರಿತ್ರೆಯ ನಾಯಕರು ರಾಜರೂ ಅಲ್ಲ, ದಂಡನಾಯಕರೂ ಅಲ್ಲ. ಅಮೃತಮಹಲ್ ಎಂಬ ಹೆಸರಿನ ದನಗಳು.

ಅಂಥ ಕಾವಲೊಂದರ ಅಂಚಿನಲ್ಲಿ, ಮಾಘಮಾಸದ ಒಂದು ಮುಂಜಾನೆ, ಇಬ್ಬನಿ ಇನ್ನೂ ಆರದಿದ್ದ ಹೊತ್ತಿನಲ್ಲಿ ನಾನು ನಿಂತಿದ್ದೆನು. ಇನ್ನೂರು ಗಜ ದೂರದಲ್ಲಿ ಹಿಂಡು ಎದ್ದು ನಿಲ್ಲುತ್ತಿದ್ದಿತು. ಬೂದಿಬಣ್ಣದ ಮೈಗಳು, ನೆತ್ತಿಯ ಮೇಲಿಂದ ಒಂದಕ್ಕೊಂದು ಒತ್ತಾಗಿ ಹೊರಟು, ಹಿಂದಕ್ಕೆ ಬಾಗಿ, ಮತ್ತೆ ಒಳಮುಖವಾಗಿ ತಿರುಗಿ ಕಪ್ಪಾದ ಚೂಪುತುದಿಯಲ್ಲಿ ಮುಗಿಯುವ ನೀಳವಾದ ಕೋಡುಗಳು, ಹಣೆಯ ನಟ್ಟನಡುವೆ ಇಳಿದು ಬಂದ ಗೀರು, ಅಡ್ಡವಾಗಿ ಚಾಚಿದ ಮೊನಚಾದ ಪುಟ್ಟ ಕಿವಿಗಳು, ಇವನ್ನೆಲ್ಲ ಮುಂಬೆಳಗಿನಲ್ಲಿ ಒಂದೊಂದಾಗಿ ಗುರುತಿಸುತ್ತಿದ್ದಾಗ, ನನ್ನ ಪಕ್ಕದಲ್ಲಿ ಕಂಬಳಿ ಹೊದ್ದು ನಿಂತಿದ್ದ ಮುದುಕ ದನಗಾಹಿ ತೋಳು ಹಿಡಿದು ನನ್ನನ್ನು ತಡೆದನು. “ಇಲ್ಲೇ ನಿಂತ್ಕಳಿ ಸ್ವಾಮಿ. ಗಾಳಿ ಅತ್ಲಾಗಿಂದ ಬೀಸ್ತಾ ಐತೆ, ನಿಮ್ಮ ವಾಸ್ನೆ ಅದ್ಕೆ ಮುಟ್ಟಾಕಿಲ್ಲ. ಮೊನ್ನೆ ಈದೈತೆ ಅದು.” ಅವನು ಬೆರಳು ತೋರಿದ ಕಡೆ ಒಂದು ಹಸು ಹಿಂಡನ್ನು ಬಿಟ್ಟು ಒಂಟಿಯಾಗಿ ನಡೆದು, ನಾಲ್ಕು ಹೆಜ್ಜೆಗೊಮ್ಮೆ ನಿಂತು, ತಲೆಯೆತ್ತಿ ಸುತ್ತಲೂ ನೋಡಿ, ಎದೆಯೆತ್ತರದ ಕರಡದ ಹುಲ್ಲಿನೊಳಕ್ಕೆ ಹೊಕ್ಕಿತು. ಕರು ಅಲ್ಲಿದ್ದಿತು, ಆದರೆ ಎಷ್ಟು ಹೊತ್ತು ಕಾದರೂ ನನ್ನ ಕಣ್ಣಿಗೆ ಬೀಳಲಿಲ್ಲ. ಹಾಲುಣಿಸಿ ಹಸು ಹೊರಬಂದ ಮೇಲೆ, ಆ ಹುಲ್ಲಿನಲ್ಲಿ ಒಂದು ಜೀವ ಉಸಿರಾಡುತ್ತಿದೆಯೆಂಬುದಕ್ಕೆ ಯಾವ ಕುರುಹೂ ಉಳಿಯಲಿಲ್ಲ. ಆ ದೃಶ್ಯ ನನ್ನ ಮನಸ್ಸಿನಲ್ಲಿ ನೆಟ್ಟು ನಿಂತಿತು. ಈ ತಳಿಯ ವಿಷಯವಾಗಿ ಓದಿದುದೆಲ್ಲವನ್ನೂ ಆ ಹುಲ್ಲಿನ ಪೊದೆಯ ಎದುರಿಗಿಟ್ಟು ಮತ್ತೊಮ್ಮೆ ಯೋಚಿಸಬೇಕಾಯಿತು.

ಪ್ರಾಣಿಗಳನ್ನು ಗುಂಪುಗಳಾಗಿ ವಿಂಗಡಿಸಿ ಹೆಸರಿಡುವ ಶಾಸ್ತ್ರಕ್ಕೆ ಅಡಿಪಾಯ ಹಾಕಿದ ಸ್ವೀಡನ್ ದೇಶದ ಲಿನೇಯಸನು, 1758ರಲ್ಲಿ ಹೊರಬಂದ ತನ್ನ ‘ಸಿಸ್ಟಮಾ ನ್ಯಾಚುರೇ’ ಗ್ರಂಥದ ಹತ್ತನೆಯ ಆವೃತ್ತಿಯಲ್ಲಿ, ಯುರೋಪಿನ ದನಕ್ಕೆ ಬಾಸ್ ಟಾರಸ್ ಎಂದೂ, ಬೆನ್ನ ಮೇಲೆ ಹಿಣಿಲು ಹೊತ್ತು ಕೊರಳಲ್ಲಿ ಗಂಗೆದೊಗಲು ಇಳಿಬಿಟ್ಟ ನಮ್ಮ ದನಕ್ಕೆ ಬಾಸ್ ಇಂಡಿಕಸ್ ಎಂದೂ ಬೇರೆ ಬೇರೆ ಹೆಸರು ಕೊಟ್ಟನು. ಈ ಎರಡೂ ಕೂಡಿದರೆ ಹುಟ್ಟುವ ಸಂತಾನ ಬಂಜೆಯಾಗುವುದಿಲ್ಲ. ಎರಡರ ಜೀವಕೋಶಗಳಲ್ಲಿಯೂ ವರ್ಣತಂತುಗಳ ಸಂಖ್ಯೆ 60. ಗಂಡನ್ನು ಗಂಡಾಗಿಸುವ ವೈ ಎಂಬ ವರ್ಣತಂತುವಿನ ಆಕಾರದಲ್ಲಿ ಮಾತ್ರ ಭೇದ ಕಾಣುತ್ತದೆ. ಆದುದರಿಂದ ಇವನ್ನು ಎರಡು ಪ್ರಭೇದಗಳೆನ್ನಬೇಕೋ ಒಂದರದೇ ಎರಡು ಕವಲುಗಳೆನ್ನಬೇಕೋ ಎಂಬ ಚರ್ಚೆ ವಿದ್ವಾಂಸರಲ್ಲಿ ಇಂದಿಗೂ ನಡೆದಿದೆ. ಹಿಣಿಲಿನ ದನವನ್ನು ಸುಮಾರು 8,000 ವರ್ಷಗಳ ಹಿಂದೆ ಸಿಂಧೂ ಬಯಲಿನ ಪಶ್ಚಿಮದ ಅಂಚಿನಲ್ಲಿ, ಮೆಹರ್‌ಗಢದಂಥ ನೆಲೆಗಳಲ್ಲಿ, ಪಳಗಿಸಿದರೆಂಬುದು ಈಗ ಬಹುಮಟ್ಟಿಗೆ ಒಪ್ಪಿತವಾದ ಸಂಗತಿ.

ಆದರೆ ಪ್ರಭೇದವನ್ನು ಪ್ರಕೃತಿ ಮಾಡಿದರೆ, ಪ್ರಭೇದದ ಒಳಗಿನ ತಳಿಯನ್ನು ಪ್ರಕೃತಿಯೂ ಮನುಷ್ಯನೂ ಕೂಡಿ ಮಾಡುತ್ತಾರೆ. ಯಾವ ಹೋರಿಗೆ ಸಂತಾನದ ಹಕ್ಕು, ಯಾವುದಕ್ಕೆ ಅದು ಇಲ್ಲ ಎಂಬುದನ್ನು ಮನುಷ್ಯನು ತಲೆಮಾರು ತಲೆಮಾರಾಗಿ ನಿರ್ಣಯಿಸುತ್ತ ಬಂದಾಗ, ಮಳೆ, ಹುಲ್ಲು, ಕಲ್ಲುನೆಲ, ನೀರಿನ ದೂರ ಇವು ಅವನ ನಿರ್ಣಯವನ್ನು ಮತ್ತೊಮ್ಮೆ ಸೋಸಿ ಉಳಿಸುವುದನ್ನು ಉಳಿಸಿ ಕಳೆಯುವುದನ್ನು ಕಳೆದಾಗ, ಕ್ರಮೇಣ ಒಂದು ತಳಿ ಮೈದಾಳುತ್ತದೆ. ಭಾರತ ಮತ್ತು ಪಾಕಿಸ್ತಾನಗಳ ದನಗಳನ್ನು ಕುರಿತು ಜೋಷಿ ಮತ್ತು ಫಿಲಿಪ್ಸ್ ಎಂಬ ವಿದ್ವಾಂಸರು 1953ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಕೋಡು ಮತ್ತು ತಲೆಯ ಆಕಾರಗಳನ್ನು ಲಕ್ಷಿಸಿ ತಳಿಗಳನ್ನು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ಮೈಸೂರು ಮಾದರಿಯೆಂದೇ ಹೆಸರಿಟ್ಟರು. ಹಳ್ಳಿಕಾರ, ಅಮೃತಮಹಲ್, ಉತ್ತರ ಕರ್ನಾಟಕ ಹಾಗೂ ಮಹಾರಾಷ್ಟ್ರಗಳ ಖಿಲಾರಿ, ತಮಿಳುನಾಡಿನ ಕಾಂಗೇಯಂ ಇವೆಲ್ಲವೂ ಆ ಗುಂಪಿನವು. ನಮ್ಮ ರೈತನಿಗೆ ಇಂಥ ಗ್ರಂಥದ ಅವಶ್ಯಕತೆ ಎಂದೂ ಇದ್ದಂತಿಲ್ಲ. ಹಲ್ಲು ನೋಡಿ ವಯಸ್ಸನ್ನು, ಸುಳಿ ನೋಡಿ ಗುಣವನ್ನು, ಗೊರಸು ನೋಡಿ ನಡಿಗೆಯನ್ನು ಹೇಳುವ ಅವನ ವರ್ಗೀಕರಣ ಲಿನೇಯಸನಿಗಿಂತ ಬಹಳ ಹಳೆಯದು. ಸುಳಿಯ ಫಲಗಳನ್ನು ನಂಬದವನೂ ಅವನ ಕಣ್ಣಿನ ಸೂಕ್ಷ್ಮತೆಯನ್ನು ಒಪ್ಪಲೇಬೇಕು.

ಅಮೃತಮಹಲಿನ ಮೂಲವನ್ನು ಹುಡುಕುತ್ತ ಹೋದರೆ ನಾವು ವಿಜಯನಗರದ ಕೊನೆಗಾಲಕ್ಕೆ ತಲುಪುತ್ತೇವೆ. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಶ್ರೀರಂಗಪಟ್ಟಣದಲ್ಲಿದ್ದ ವಿಜಯನಗರದ ಪ್ರತಿನಿಧಿಯು ಹಳ್ಳಿಕಾರ ಹಸುಗಳ ಹಿಂಡನ್ನು ತರಿಸಿ ಇಟ್ಟುಕೊಂಡಿದ್ದನೆಂದೂ, 1610ರಲ್ಲಿ ರಾಜ ಒಡೆಯರು ಆ ಪಟ್ಟಣವನ್ನು ವಶಪಡಿಸಿಕೊಂಡ ಮೇಲೆ ಕಾಲಕ್ರಮದಲ್ಲಿ ಆ ಹಿಂಡೂ ಮೈಸೂರು ಅರಸರ ಸ್ವತ್ತಾಯಿತೆಂದೂ ಪರಂಪರೆ ಹೇಳುತ್ತದೆ. ಮುಂದಿನ ಅರಸರು ಒಬ್ಬರಾದ ಮೇಲೊಬ್ಬರು ಹಿಂಡನ್ನು ಬೆಳೆಸಿದರು. ಚಿಕ್ಕದೇವರಾಜ ಒಡೆಯರ ಆಳ್ವಿಕೆಯಲ್ಲಿ ಅದಕ್ಕೆ ಒಂದು ಇಲಾಖೆಯ ಸ್ವರೂಪವೇ ಒದಗಿತು. ಆಡಳಿತವನ್ನು ಹದಿನೆಂಟು ಚಾವಡಿಗಳಾಗಿ ವಿಂಗಡಿಸಿ ‘ಅಠಾರ ಕಚೇರಿ’ಯನ್ನು ಕಟ್ಟಿದ ಆ ಅರಸರು, ಅವುಗಳಲ್ಲಿ ಒಂದನ್ನು ‘ಬೆಣ್ಣೆ ಚಾವಡಿ’ ಎಂದು ಕರೆದರು. ಅರಮನೆಗೆ ಹಾಲು ಬೆಣ್ಣೆ ಒದಗಿಸುವುದು ಅದರ ತೋರಿಕೆಯ ಕಾರ್ಯ. ಉತ್ತಮ ಹೋರಿಗಳನ್ನೂ ಹಸುಗಳನ್ನೂ ಕಾಪಾಡಿ ಸಂತತಿಯನ್ನು ಬೆಳೆಸುವುದು ಅದರ ಸ್ಥಾಯಿಯಾದ ಕಾರ್ಯ. ಹಿಂಡುಗಳಿಗಾಗಿ ರಾಜ್ಯದ ಉದ್ದಗಲಕ್ಕೂ ಹುಲ್ಲುಗಾವಲುಗಳನ್ನು ಗೊತ್ತುಮಾಡಿ, ಅಲ್ಲಿ ನೇಗಿಲು ಊರಬಾರದೆಂದೂ ಅನ್ಯರ ದನ ಮೇಯಬಾರದೆಂದೂ ವಿಧಿಸಿದಾಗ, ‘ಕಾವಲು’ ಎಂಬ ಮಾತಿಗೆ ಇಂದು ನಾವು ಬಲ್ಲ ಅರ್ಥ ನೆಲೆಗೊಂಡಿತು.

ಲಿನೇಯಸನ ಗ್ರಂಥ ಹೊರಬಂದ ಮೂರು ವರ್ಷಗಳಲ್ಲಿ, ಎಂದರೆ 1761ರಲ್ಲಿ, ಮೈಸೂರಿನ ಅಧಿಕಾರ ಹೈದರಲಿಯ ಕೈಸೇರಿತು. ಕುದುರೆಯನ್ನು ಬಲ್ಲ ಈ ದಂಡನಾಯಕನು ಎತ್ತಿನ ಬೆಲೆಯನ್ನೂ ಬಲ್ಲವನಾಗಿದ್ದನು. ಹಾಗಲವಾಡಿ, ಚಿತ್ರದುರ್ಗಗಳ ಪಾಳೆಯಗಾರರನ್ನು ಅಡಗಿಸಿದಾಗ ಅವರ ಹೆಸರುವಾಸಿಯಾದ ದನಗಳೂ ಅವನ ವಶವಾದುವು. ಹೀಗೆ ಹಳ್ಳಿಕಾರ, ಹಾಗಲವಾಡಿ, ಚಿತ್ರದುರ್ಗ ಎಂಬ ಮೂರು ಹೊಳೆಗಳು ಒಂದೇ ಸರ್ಕಾರದ ಕಾವಲುಗಳಿಗೆ ಹರಿದು ಬಂದು, ಮುಂದೆ ಅಮೃತಮಹಲ್ ಎಂಬ ಒಂದೇ ನದಿಯಾಗಿ ಕೂಡಿಕೊಂಡುವು. ಹೆಸರು ಟಿಪ್ಪುಸುಲ್ತಾನನು ಕೊಟ್ಟದ್ದು. ಬೆಣ್ಣೆ ಚಾವಡಿ ಅವನ ಕಾಲದಲ್ಲಿ ಅಮೃತಮಹಲಾಯಿತು. ಹಿಂಡುಗಳ ಪಾಲನೆಗೆ ಅವನು ಲಿಖಿತ ನಿಯಮಗಳನ್ನು ಹೊರಡಿಸಿದನು. ವರ್ಷಕ್ಕೊಮ್ಮೆ ನಡೆಯುವ ದನಗಳ ಎಣಿಕೆಗೆ ಅನೇಕ ವೇಳೆ ತಾನೇ ಬಂದು ನಿಂತು ದನಗಾಹಿಗಳಿಗೆ ಬಹುಮಾನಗಳನ್ನು ಹಂಚುತ್ತಿದ್ದನು.

ಈ ಎತ್ತುಗಳು ಯುದ್ಧದಲ್ಲಿ ಮಾಡಿದ ಕೆಲಸದ ವೃತ್ತಾಂತವನ್ನು ಮೈಸೂರಿನ ಗ್ಯಾಸೆಟಿಯರು ಅಭಿಮಾನದಿಂದ ದಾಖಲಿಸಿದೆ. ಚಿದಂಬರದ ರಕ್ಷಣೆಗೆ ಹೈದರನು ಎರಡೂವರೆ ದಿನಗಳಲ್ಲಿ 100 ಮೈಲಿ ಸಾಗಿದ್ದೂ, ಪ್ರತಿಯೊಂದು ಸೋಲಿನ ತರುವಾಯವೂ ಶತ್ರುವಿನ ಕಣ್ಣೆದುರೇ ತನ್ನ ಫಿರಂಗಿಗಳನ್ನು ಎಳೆಸಿಕೊಂಡು ಹೋದದ್ದೂ, ಬಿದನೂರನ್ನು ಮರಳಿ ಪಡೆಯಲು ಟಿಪ್ಪುವು ಒಂದೇ ತಿಂಗಳಲ್ಲಿ ದ್ವೀಪಕಲ್ಪವನ್ನು ಅಡ್ಡಹಾಯ್ದದ್ದೂ, ಜನರಲ್ ಮೆಡೋಸನ ಎದುರಿಗೆ ಎರಡು ದಿನಗಳಲ್ಲಿ 63 ಮೈಲಿ ನಡೆದದ್ದೂ ಈ ದನಗಳ ಬಲದಿಂದಲೇ ಎಂದು ಅದು ಹೇಳುತ್ತದೆ. ಮುಂದೆ ಇವೇ ಎತ್ತುಗಳನ್ನು ತನ್ನ ದಂಡಯಾತ್ರೆಗಳಲ್ಲಿ ಬಳಸಿದ ಆರ್ಥರ್ ವೆಲ್ಲೆಸ್ಲಿಯು, ವೆಲಿಂಗ್ಟನ್ ಪ್ರಭುವಾಗಿ ಸ್ಪೇನ್ ದೇಶದಲ್ಲಿ ಫ್ರೆಂಚರೊಡನೆ ಹೋರಾಡುತ್ತಿದ್ದ ಕಾಲದಲ್ಲಿ, ಮೈಸೂರಿನ ಎತ್ತುಗಳು ತನ್ನ ಬಳಿಯಿಲ್ಲದುದಕ್ಕಾಗಿ ಹಲವು ಬಾರಿ ಪರಿತಪಿಸಿದನಂತೆ. ಕಾಳಗದ ಕೀರ್ತಿಯಲ್ಲಿ ನನಗೆ ಆಸಕ್ತಿ ಕಡಮೆ. ಆದರೆ ಮೂಕಪ್ರಾಣಿಯೊಂದು ಇಂಥ ನಡಿಗೆಯನ್ನು ಎಲ್ಲಿ ಕಲಿತಿತು ಎಂಬ ಪ್ರಶ್ನೆಯನ್ನು ಮಾತ್ರ ಬಿಡಲಾಗುವುದಿಲ್ಲ.

ಅದಕ್ಕೆ ಉತ್ತರ ಕಾವಲಿನಲ್ಲಿದೆ. ಹಿಂಡುಗಳು ವರ್ಷವಿಡೀ ಒಂದೆಡೆ ನಿಲ್ಲುತ್ತಿರಲಿಲ್ಲ. ಬೇಸಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಕಾವಲುಗಳಲ್ಲಿ ಮೂರು ಬಗೆ. ಬೇಸಗೆಯವು ಸಾಮಾನ್ಯವಾಗಿ ಕೆರೆಯಂಗಳಗಳು. ನೀರು ಹಿಂದೆ ಸರಿದಂತೆಲ್ಲ ಒದ್ದೆಯಾದ ಅಂಗಳದಲ್ಲಿ ಎಳೆಹಸಿರು ಚಿಗುರುತ್ತಿದ್ದು, ದಂಡೆಯ ಜಾಲಿಯ ಮರಗಳು ನೆರಳನ್ನು ಒದಗಿಸುತ್ತಿದ್ದುವು. ಮಳೆ ಬಿದ್ದು ಬಯಲು ಚಿಗುರಿದಾಗ ಹಿಂಡು ಬೇರೆ ಕಾವಲಿಗೆ, ಹುಲ್ಲು ಬಲಿತು ಒಣಗುವ ಹೊತ್ತಿಗೆ ಮತ್ತೊಂದಕ್ಕೆ ಹೊರಡುತ್ತಿತ್ತು. ಒಂದು ಕಾವಲಿನಿಂದ ಇನ್ನೊಂದಕ್ಕೆ ದಿನಗಟ್ಟಲೆಯ ದಾರಿ. ಹೊಟ್ಟೆಯಲ್ಲಿ ಕರು ಹೊತ್ತ ಹಸುವೂ ನಡೆಯಬೇಕು, ಹುಟ್ಟಿ ಕೆಲವೇ ವಾರಗಳಾದ ಕರುವೂ ನಡೆಯಬೇಕು. ಗೊರಸು ಬಿರಿಯುವ ದನ, ಬೇಗ ದಣಿಯುವ ದನ, ಒಣಹುಲ್ಲನ್ನು ಮೈಗೂಡಿಸಿಕೊಳ್ಳಲಾರದ ದನ ಹಿಂದೆ ಬೀಳುತ್ತಿದ್ದಿತು. ಹಿಂದೆ ಬಿದ್ದುದು ಸಂತತಿಯನ್ನು ಬಿಡದೆ ಅಳಿಯುತ್ತಿದ್ದಿತು. ಯಾವ ಅಧಿಕಾರಿಯೂ ಪುಸ್ತಕ ಹಿಡಿದು ನಡೆಸಲಾಗದಂಥ ಈ ಕಠಿನ ಪರೀಕ್ಷೆಯನ್ನು ಕಾವಲು ತಾನಾಗಿ ಪ್ರತಿವರ್ಷವೂ ನಡೆಸುತ್ತಿದ್ದಿತು. ಇದೇ ಕಾಲದಲ್ಲಿ ಇಂಗ್ಲೆಂಡಿನ ಲೀಸ್ಟರ್‌ಷೈರಿನಲ್ಲಿ ರಾಬರ್ಟ್ ಬೇಕ್‌ವೆಲ್ ಎಂಬ ರೈತನು ಬೇಲಿ ಹಾಕಿದ ಹೊಲಗಳಲ್ಲಿ ಹತ್ತಿರದ ಬಂಧುಗಳನ್ನೇ ಕೂಡಿಸಿ, ಮಾಂಸವೂ ಉಣ್ಣೆಯೂ ಹೆಚ್ಚುವ ತಳಿಗಳನ್ನು ರೂಪಿಸುತ್ತಿದ್ದನು. ಅಲ್ಲಿ ಸಾಧನ ಬೇಲಿ, ಇಲ್ಲಿ ದಾರಿ. ಅಲ್ಲಿ ಬೇಕಾದುದು ಮೈಯ ತೂಕ, ಇಲ್ಲಿ ಬೇಕಾದುದು ಕಾಲಿನ ಕಸುವು.

ಮನುಷ್ಯನ ಪಾಲಿನ ಕೆಲಸ ಹೋರಿಯ ಆಯ್ಕೆಯಲ್ಲಿದ್ದಿತು. ಹಸುವೊಂದು ಬೆದೆಗೆ ಬಂದು ಗಬ್ಬವಾದರೆ ಒಂಬತ್ತು ತಿಂಗಳ ಮೇಲೆ ಹತ್ತು ದಿನಗಳ ಆಚೀಚೆಗೆ ಈಯುತ್ತದೆ; ಆದುದರಿಂದ ಅದರ ಬಾಳಿನಲ್ಲಿ ಹುಟ್ಟುವ ಕರುಗಳು ಬೆರಳೆಣಿಕೆಯವು. ಹೋರಿಯಾದರೋ ಒಂದೇ ವರ್ಷದಲ್ಲಿ ಹತ್ತಾರು ಕರುಗಳಿಗೆ ತಂದೆಯಾಗಬಲ್ಲದು. ಈ ಅಸಮತೆಯನ್ನು ನಮ್ಮ ಹಿಂದಿನವರು ಚೆನ್ನಾಗಿ ಅರಿತಿದ್ದರು. ಕೋಡು, ಗೊರಸು, ಎದೆ, ಬಣ್ಣ, ಸ್ವಭಾವಗಳನ್ನು ಪರೀಕ್ಷಿಸಿ ಆಯ್ದ ಕೆಲವು ಗಂಡುಕರುಗಳನ್ನು ಬೀಜದ ಹೋರಿಗಳಾಗಿ ಉಳಿಸಿಕೊಂಡು, ಮಿಕ್ಕವುಗಳಿಗೆ ಗಾಯ ಬೇಗ ಮಾಯುವ ಚಳಿಗಾಲದಲ್ಲಿ ಬೀಜ ಒಡೆಸಿ, ಪಳಗಿಸುವುದಕ್ಕೆ ಕಳುಹಿಸುತ್ತಿದ್ದರು. ಹಾಲನ್ನು ಕರೆದುಕೊಳ್ಳುವ ಪದ್ಧತಿ ಕಾವಲಿನ ಹಿಂಡುಗಳಲ್ಲಿ ಬೆಳೆಯಲಿಲ್ಲ. ತಾಯಿಯ ಕೆಚ್ಚಲೆಲ್ಲವೂ ಕರುವಿನದು. ಬೆಣ್ಣೆಯ ಹೆಸರಿನಲ್ಲಿ ಹುಟ್ಟಿದ ಚಾವಡಿಯ ದನ ಹಾಲಿಗೆ ಹೆಸರಾಗದೆ ನಡಿಗೆಗೆ ಹೆಸರಾದುದಕ್ಕೆ ಇದೂ ಒಂದು ಕಾರಣ. ಹಿಂಡಿನ ಮೇಲ್ವಿಚಾರಣೆಗೆ ಸೇರ್ವೆಗಾರರು, ಅವರ ಮೇಲೆ ದರೋಗರು ಇದ್ದರು. ಆದರೆ ವಂಶಾವಳಿಯ ನಿಜವಾದ ಭಂಡಾರ ದನಗಾಹಿಗಳ ನೆನಪಿನಲ್ಲಿದ್ದಿತು. ನಾನು ಕಂಡ ಮುದುಕನೂ ಮಂಜಿನಲ್ಲಿ ನಿಂತಿದ್ದ ಒಂದೊಂದು ಹಸುವಿನ ತಾಯಿಯನ್ನೂ, ತಾಯಿಯ ತಾಯಿಯನ್ನೂ, ಅದು ಯಾವ ಬರಗಾಲದಲ್ಲಿ ಈಯಿತೆಂಬುದನ್ನೂ ತಡವರಿಸದೆ ಹೇಳಿದನು. “ಅವ್ವನಂಗೇ ಇದೂವೆ ಸ್ವಾಮಿ, ನೀರಿಗೆ ಹೋಗೋವಾಗ ಯಾವಾಗ್ಲೂ ಮುಂದೆ,” ಎಂದು ಅವನು ಒಂದನ್ನು ತೋರಿಸಿದಾಗ, ಅನುವಂಶೀಯತೆಯೆಂಬ ಶಾಸ್ತ್ರದ ಬೀಜವಾಕ್ಯವನ್ನೇ ಕೇಳಿದಂತಾಯಿತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹಿಂಡುಗಳು ಬ್ರಿಟಿಷರ ವಶಕ್ಕೆ ಹೋದುವು. ಮೊದಲು ಅವುಗಳ ಪಾಲನೆಯನ್ನು ಮೈಸೂರು ಸರ್ಕಾರಕ್ಕೆ ವಹಿಸಿದ್ದು, ದನಗಳು ಕ್ಷೀಣಿಸಿದುದನ್ನು ಕಂಡು 1813ರಲ್ಲಿ ಮದರಾಸಿನ ಸೇನಾ ಸರಬರಾಜು ಇಲಾಖೆಯ ಕ್ಯಾಪ್ಟನ್ ಹಾರ್ವೆಯ ಕೈಗೆ ಒಪ್ಪಿಸಿದರು. ಅವನ ಮೇಲ್ವಿಚಾರಣೆಯಲ್ಲಿ ಹಿಂಡುಗಳು ಚೇತರಿಸಿಕೊಂಡುವು. ಹುಣಸೂರು ಈ ಇಲಾಖೆಯ ಪ್ರಮುಖ ನೆಲೆಯಾಗಿ, ಫಿರಂಗಿ ಎಳೆಯುವ ಎತ್ತುಗಳು ಅಲ್ಲಿ ಸಿದ್ಧವಾಗುತ್ತಿದ್ದುವು. ಆದರೆ ಲೆಕ್ಕದ ಪುಸ್ತಕಕ್ಕೆ ಹುಲ್ಲಿನ ಭಾಷೆ ತಿಳಿಯದು. 1860ರಲ್ಲಿ ಮದರಾಸಿನ ಗವರ್ನರಾಗಿದ್ದ ಸರ್ ಚಾರ್ಲ್ಸ್ ಟ್ರೆವೆಲಿಯನ್, ಮಿತವ್ಯಯದ ದೃಷ್ಟಿಯಿಂದ, ಈ ಸಂಸ್ಥೆಯನ್ನು ಒಡೆದು ದನಗಳನ್ನು ಮಾರಿಸಿದನು. ಎರಡು ಶತಮಾನಗಳ ಸಂಗ್ರಹ ಹರಾಜಿನ ಕೂಗಿಗೆ ಸಿಕ್ಕಿ ನಾಲ್ಕು ದಿಕ್ಕಿಗೂ ಚೆದುರಿತು. ಸೈನ್ಯಕ್ಕೆ ಬೇಕಾದಾಗ ಅಂಥ ಎತ್ತುಗಳು ಹಣ ಕೊಟ್ಟರೂ ದೊರೆಯುವುದಿಲ್ಲವೆಂಬ ಅರಿವು ಬರಲು ಕೆಲವೇ ವರ್ಷಗಳು ಸಾಕಾದುವು. 1866ರಲ್ಲಿ ರೈತರಿಂದ ಮತ್ತೆ ಹಸುಗಳನ್ನೂ ಹೋರಿಗಳನ್ನೂ ಕೂಡಿಸಿ ಅಮೃತಮಹಲನ್ನು ಪುನಃ ಕಟ್ಟಬೇಕಾಯಿತು.

ಆ 1866ನೆಯ ವರ್ಷವನ್ನು ಜೀವಶಾಸ್ತ್ರದ ಚರಿತ್ರೆ ಬೇರೊಂದು ಕಾರಣಕ್ಕಾಗಿ ನೆನೆಯುತ್ತದೆ. ಬ್ರೂನ್ ನಗರದ ಮಠದ ತೋಟದಲ್ಲಿ ಬಟಾಣಿಯ ಗಿಡಗಳನ್ನು ಬೆಳೆಸಿ, ಗುಣಗಳು ತಂದೆತಾಯಿಗಳಿಂದ ಮಕ್ಕಳಿಗೆ ಇಳಿಯುವ ಲೆಕ್ಕವನ್ನು ಕಂಡುಹಿಡಿದ ಗ್ರೆಗರ್ ಮೆಂಡೆಲನ ಪ್ರಬಂಧ ಅಚ್ಚಾದದ್ದು ಅದೇ ವರ್ಷ. ಗುಣಗಳು ಹಾಲು ನೀರು ಬೆರೆತಂತೆ ಬೆರೆತು ಮಾಯವಾಗುವುದಿಲ್ಲ. ಒಂದು ತಲೆಮಾರಿನಲ್ಲಿ ಪ್ರಬಲ ಗುಣದ ಹಿಂದೆ ಅಡಗಿ ಕುಳಿತ ದುರ್ಬಲ ಗುಣ, ಎರಡೂ ಕಡೆಯಿಂದ ಕೂಡಿಬಂದಾಗ ಮತ್ತೆ ತಲೆಯೆತ್ತುತ್ತದೆ ಎಂದು ಅವನು ತೋರಿಸಿದನು. ಲೋಕ ಆ ಪ್ರಬಂಧದ ಕಡೆ ಕಣ್ಣು ಹಾಯಿಸಿದ್ದು 1900ರಲ್ಲಿ. ಚೆದುರಿದ ಅಮೃತಮಹಲನ್ನು ಮತ್ತೆ ಕೂಡಿಸಲು ಸಾಧ್ಯವಾದುದರ ಮರ್ಮವೂ ಇದೇ. ಹಳ್ಳಿಗಳ ಕೊಟ್ಟಿಗೆಗಳಲ್ಲಿ, ಹಳ್ಳಿಕಾರರ ಹಿಂಡುಗಳಲ್ಲಿ ಹಂಚಿಹೋಗಿದ್ದ ವಂಶವಾಹಿಗಳು ಕರಗಿಹೋಗಿರಲಿಲ್ಲ, ಕಾವಲುಗಳು ಉಳಿದಿದ್ದುವು, ದನಗಾಹಿಗಳ ಕಣ್ಣುಗಳು ಉಳಿದಿದ್ದುವು. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಸರ್ಕಾರದ ಆಜ್ಞೆಯಿಂದ ತಳಿ ಮರುಹುಟ್ಟು ಪಡೆಯುತ್ತಿರಲಿಲ್ಲ.

ಹಾಗೆ ಮರುಹುಟ್ಟು ಪಡೆದ ಹತ್ತು ವರ್ಷಗಳಲ್ಲಿ ಧಾತು ಈಶ್ವರ ಸಂವತ್ಸರಗಳ ಘೋರ ಕ್ಷಾಮ ಬಂದಿತು. ಅದರಲ್ಲಿ ಮೈಸೂರು ಸೀಮೆಯ ಜನರೂ ಜಾನುವಾರುಗಳೂ ಅಸಂಖ್ಯವಾಗಿ ಮಡಿದುವು. 1881ರಲ್ಲಿ ಒಡೆಯರಿಗೆ ರಾಜ್ಯ ಮರಳಿ ಬಂದ ಅನಂತರ ಅಮೃತಮಹಲೂ ಮೈಸೂರು ಸರ್ಕಾರಕ್ಕೆ ಹಿಂದಿರುಗಿತು. ಕಾಲಾಂತರದಲ್ಲಿ ಅಜ್ಜಂಪುರ ಅದರ ಮುಖ್ಯ ನೆಲೆಯಾಯಿತು. ಆದರೆ ಆ ವೇಳೆಗೆ ಲೋಕವೇ ಬದಲಾಗುತ್ತಲಿದ್ದಿತು. ಫಿರಂಗಿಯನ್ನು ಎತ್ತು ಎಳೆಯುವ ಕಾಲ ಮುಗಿಯಿತು. ರೈಲು, ಲಾರಿ, ಕೊನೆಗೆ ಹೊಲದಲ್ಲಿ ಟ್ರ್ಯಾಕ್ಟರು ಬಂದುವು. ಹಾಲಿನ ಬೇಡಿಕೆ ಮೊದಲಾಯಿತು. 1939ರಲ್ಲಿ ಮೈಸೂರಿನ ಅರಮನೆಯ ಹೈನುಶಾಲೆಯಲ್ಲಿ ಸಂಪತ್ ಕುಮಾರನ್ ಅವರು ಹಾಲ್‌ಸ್ಟೈನ್ ಫ್ರೀಜಿಯನ್ ಹೋರಿಯ ವೀರ್ಯದಿಂದ ಹಳ್ಳಿಕಾರ ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡಿಸಿದರು; ಭಾರತದಲ್ಲಿ ಅದು ಆ ವಿದ್ಯೆಯ ಮೊದಲ ಹೆಜ್ಜೆಯೆಂದು ಗಣಿತವಾಗಿದೆ. ಹೋರಿಯೊಂದು ಹತ್ತಾರು ಕರುಗಳಿಗೆ ಬದಲಾಗಿ ಸಾವಿರಾರು ಕರುಗಳಿಗೆ ತಂದೆಯಾಗುವ ದಾರಿ ತೆರೆಯಿತು. ಈ ವಿದ್ಯೆ ಬಡವರ ಮನೆಗಳಿಗೆ ಹಾಲು ತಂದಿತು, ಮಕ್ಕಳ ಹೊಟ್ಟೆ ತಂಪಾಯಿತು. ಅದನ್ನು ಹಳಿಯುವುದು ಕೃತಘ್ನತೆಯಾದೀತು. ಆದರೆ ಅದೇ ವಿದ್ಯೆಯಿಂದ ನಾಡಹೋರಿ ಊರಿಂದೂರಿಗೆ ಅನಾವಶ್ಯಕವಾಗುತ್ತ, ನಡೆಯಬಲ್ಲ ದನದ ಜಾಗದಲ್ಲಿ ಕರೆಯಬಲ್ಲ ದನ ನಿಲ್ಲುತ್ತ ಬಂದದ್ದೂ ಅಷ್ಟೇ ನಿಜ.

ತಳಿಯ ಬಳಕೆ ತಪ್ಪಿದಾಗ ನೆಲದ ಮರ್ಯಾದೆಯೂ ತಪ್ಪಿತು. ಚಿತ್ರದುರ್ಗ, ಚಿಕ್ಕಮಗಳೂರು, ಹಾಸನ, ತುಮಕೂರು ಜಿಲ್ಲೆಗಳಲ್ಲಿ ಒಂದು ಕಾಲಕ್ಕೆ ಲಕ್ಷಾಂತರ ಎಕರೆಗಳಲ್ಲಿ ಹಬ್ಬಿದ್ದ ಕಾವಲುಗಳು, ಭೂಮಿಯಿಲ್ಲದವರಿಗೆ ಹಂಚಿಕೆಯೆಂದು ಕೆಲವು, ಅರಣ್ಯವೃದ್ಧಿಯೆಂದು ನೀಲಗಿರಿ ನೆಡಲು ಕೆಲವು, ಒತ್ತುವರಿಯಾಗಿ ಹಲವು, ಹೀಗೆ ಕರಗುತ್ತ ಬಂದುವು. ಚಳ್ಳಕೆರೆಯ ಸೀಮೆಯಲ್ಲಿ ಸುಮಾರು 10,000 ಎಕರೆ ಕಾವಲು ವಿಜ್ಞಾನ ಮತ್ತು ರಕ್ಷಣೆಯ ಸಂಸ್ಥೆಗಳಿಗೆ ಸಂದಾಗ, ಸುತ್ತಲ ಹಳ್ಳಿಗಳ ಕುರಿ ದನಗಳ ಮೇವಿನ ಅಳಲು ಹಸಿರು ನ್ಯಾಯಪೀಠದವರೆಗೂ ಹೋಯಿತು. ಮರವಿಲ್ಲದ ನೆಲವೆಲ್ಲ ಬರಿದು ನೆಲವೆಂಬ ಭಾವನೆ ನಮ್ಮಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಹುಲ್ಲುಗಾವಲೂ ಕಾಡಿನಷ್ಟೇ ಸಮೃದ್ಧವಾದ ಒಂದು ಜೀವಲೋಕವೆಂದು ಬಾಯಿಬಿಟ್ಟು ಹೇಳಬೇಕಾಗಿದೆ. ದನಕ್ಕಾಗಿ ಕಾಯ್ದ ಆ ಬಯಲುಗಳಲ್ಲಿ ಯಾರೂ ಲೆಕ್ಕಿಸದ ಅತಿಥಿಗಳು ಬಂದು ನೆಲೆಸಿದ್ದರು: ಕೃಷ್ಣಮೃಗದ ಹಿಂಡುಗಳು, ತೋಳ, ನರಿ, ನೆಲದ ಮೇಲೆಯೇ ಮೊಟ್ಟೆಯಿಡುವ ಹಲವು ಹಕ್ಕಿಗಳು. ಬಯಲಿನ ಹಕ್ಕಿಗಳಲ್ಲೆಲ್ಲ ಭಾರಿಯಾದ, ರೈತರು ಎರೆಭೂತವೆಂದು ಕರೆಯುವ ಹಕ್ಕಿ ಇಂದು ಭಾರತದಲ್ಲಿಯೇ ಅಳಿವಿನ ತುತ್ತತುದಿಗೆ ಬಂದು ನಿಂತಿರುವುದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು, ಇಂಥ ಹುಲ್ಲುಬಯಲುಗಳ ನಾಶವೇ ಆಗಿದೆ. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲು 2011ರಲ್ಲಿ ಕೃಷ್ಣಮೃಗಗಳ ಸಲುವಾಗಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ದನಕ್ಕೆಂದು ಅರಸರು ಕಾಯ್ದ ಹುಲ್ಲು, ಮೂರು ಶತಮಾನಗಳ ತರುವಾಯ, ಅವರು ನೆನೆಯದಿದ್ದ ಜೀವಿಗಳಿಗೂ ಆಸರೆಯಾಗಿ ಒದಗಿದೆ.

ತಳಿಯನ್ನು ಉಳಿಸುವ ಪ್ರಯತ್ನಗಳು ಈಗ ನಡೆದಿವೆ. ಅಜ್ಜಂಪುರದ ಕೇಂದ್ರದಲ್ಲಿ ಹಿಂಡುಗಳಿವೆ. ಹೋರಿಗಳ ವೀರ್ಯವನ್ನು ಶೂನ್ಯಕ್ಕಿಂತ 196 ಡಿಗ್ರಿ ಕೆಳಗಿನ ದ್ರವಸಾರಜನಕದಲ್ಲಿಟ್ಟರೆ ಹೋರಿ ಸತ್ತು ಎಷ್ಟೋ ವರ್ಷಗಳಾದ ಮೇಲೂ ಅದರ ಕರು ಹುಟ್ಟಬಲ್ಲದು. ಇದು ಅಲ್ಪ ಸಾಧನೆಯಲ್ಲ. ಆದರೆ ಹಿಂಡು ಚಿಕ್ಕದಾದಂತೆ ಅಪಾಯವೊಂದು ಒಳಗಿನಿಂದ ಹುಟ್ಟುತ್ತದೆ. ನೂರು ಹಸುಗಳಿಗೆ ಒಂದೇ ಹೋರಿಯಿದ್ದರೆ ಮುಂದಿನ ಪೀಳಿಗೆಯ ವಂಶವಾಹಿಗಳಲ್ಲಿ ಅರ್ಧ ಭಾಗ ಆ ಒಂದು ಹೋರಿಯವೇ ಆಗಿರುತ್ತವೆ. ಶಾಸ್ತ್ರಜ್ಞರ ಲೆಕ್ಕದಲ್ಲಿ ಆ ನೂರೊಂದು ತಲೆಗಳ ಹಿಂಡು, ವಂಶವೈವಿಧ್ಯದ ಮಟ್ಟಿಗೆ, ನಾಲ್ಕೇ ಪ್ರಾಣಿಗಳ ಹಿಂಡಿಗೆ ಸಮ. ಬಂಧುಗಳು ಬಂಧುಗಳನ್ನೇ ಕೂಡುತ್ತ ಬಂದಾಗ ಮೆಂಡೆಲನು ತೋರಿಸಿದ ಆ ಅಡಗಿದ ದುರ್ಬಲ ಗುಣಗಳು ಒಂದೊಂದಾಗಿ ಹೊರಬೀಳುತ್ತವೆ. ಗರ್ಭ ನಿಲ್ಲದಿರುವುದು, ಕರು ಬಾಳದಿರುವುದು ಮೊದಲಾಗುತ್ತದೆ. ಹಿಂದೆ ಬಹುಸಂಖ್ಯೆಯ ಕಾವಲುಗಳಲ್ಲಿ ಬೇರೆ ಬೇರೆ ಹಿಂಡುಗಳಿದ್ದು, ಒಂದರ ಹೋರಿಯನ್ನು ಇನ್ನೊಂದಕ್ಕೆ ಒಯ್ಯಲು ಅವಕಾಶವಿದ್ದುದರಿಂದ ಈ ದೋಷಕ್ಕೆ ತಾನಾಗಿಯೇ ಪರಿಹಾರವಿದ್ದಿತು. ಕಾವಲುಗಳ ಸಂಖ್ಯೆ ಕುಗ್ಗುವುದೆಂದರೆ ಮೇವು ಕುಗ್ಗುವುದಷ್ಟೇ ಎಂದು ತಿಳಿದವನು ಪ್ರಜನನದ ಈ ಗಣಿತವನ್ನು ಮರೆತಿದ್ದಾನೆ.

ವರ್ಷಕ್ಕೊಮ್ಮೆ ಗಂಡುಕರುಗಳ ಹರಾಜು ನಡೆಯುವಾಗ ಹಾವೇರಿ, ದಾವಣಗೆರೆ, ಶಿವಮೊಗ್ಗದ ಕಡೆಗಳಿಂದ ರೈತರು ಬಂದು ಸೇರುತ್ತಾರೆ. ಬಿಡುಗಣ್ಣಿನ, ಮನುಷ್ಯರ ಕೈ ಸೋಕದ ಕರುಗಳು ಒಡ್ಡಿಯೊಳಗೆ ಒಂದಕ್ಕೊಂದು ಒತ್ತಿ ನಿಂತಿರುತ್ತವೆ. ಕೊಂಡವನು ಹೆಮ್ಮೆಯಿಂದ ಹಗ್ಗ ಹಿಡಿದರೂ ಮೊದಲ ದಿನಗಳಲ್ಲಿ ಹತ್ತಿರ ಸುಳಿಯಲಾರನು. ತಿಂಗಳುಗಟ್ಟಲೆ ಹಿಂಡಿ ತಿನ್ನಿಸಿ, ಮೈ ತಿಕ್ಕಿ, ಹೆಸರು ಹಿಡಿದು ಕರೆದು, ಮನೆಯ ಹೆಂಗಸರ ಕೈಯಿಂದ ಬೆಲ್ಲ ಕೊಡಿಸಿ ಒಲಿಸಿಕೊಂಡ ಮೇಲೆ ಅದೇ ಕರು ಮನೆಯ ಮಗನಾಗುತ್ತದೆ. ಟ್ರ್ಯಾಕ್ಟರು ಬಂದ ಮೇಲೂ ಆ ರೈತರು ದುಡ್ಡು ಸುರಿದು ಈ ಕರುಗಳನ್ನು ಕೊಳ್ಳುವುದನ್ನು ಕಂಡಾಗ, ತಳಿಯ ಮೇಲಣ ಪ್ರೀತಿ ಬಳಕೆಯ ಲೆಕ್ಕವನ್ನು ಮೀರಿದ್ದೆಂದು ಮನಸ್ಸಿಗೆ ಸಮಾಧಾನವಾಗುತ್ತದೆ. ಆದರೆ ಅವರು ಕೊಳ್ಳುವುದು ಕಾವಲಿನ ಕರುವನ್ನು. ಅದನ್ನು ಹುಟ್ಟಿಸುವ ಶಕ್ತಿ ಅವರ ಕೊಟ್ಟಿಗೆಗಿಲ್ಲ.

ಆ ಮಾಘದ ಮುಂಜಾನೆ ಬಿಸಿಲೇರಿ ಹಿಂಡು ದೂರ ಸಾಗಿದ ಮೇಲೆ, ನಾನು ಮುದುಕನನ್ನು ಕರು ಎಲ್ಲಿದೆಯೆಂದು ಕೇಳಿದೆನು. ಅವನು ತೋರಿಸಲಿಲ್ಲ. “ಬ್ಯಾಡಿ ಸ್ವಾಮಿ, ನಾವು ನೋಡಿದ್ರೆ ಅದು ಜಾಗ ಬದಲಾಯಿಸ್ತದೆ,” ಎಂದನು. ಈದ ಮೊದಲ ದಿನಗಳಲ್ಲಿ ಕರುವನ್ನು ಹುಲ್ಲಿನಲ್ಲಿ ಮಲಗಿಸಿ, ತಾನು ದೂರ ಮೇದು, ಹಾಲೂಡಿಸುವ ಹೊತ್ತಿಗೆ ಮಾತ್ರ ಮರಳುವುದು, ಮನುಷ್ಯನು ದನವನ್ನು ಪಳಗಿಸುವ ಮೊದಲೇ ಅದರ ಕಾಡಿನ ಹಿರಿಯರಿಗೆ ಒಲಿದಿದ್ದ ಬುದ್ಧಿ. ಎಂಟು ಸಾವಿರ ವರ್ಷಗಳ ಸಾಕಣೆಯೂ ಅದನ್ನು ಅಳಿಸಿಲ್ಲ. ಆ ಬುದ್ಧಿ ಅದರ ರಕ್ತದಲ್ಲಿದೆ. ಮುಂದೆಯೂ ಇರುತ್ತದೆ, ನಾವು ಕಾಪಿಟ್ಟ ವೀರ್ಯದ ಕಡ್ಡಿಗಳಲ್ಲಿ ಕೂಡ. ಆದರೆ ಎದೆಯೆತ್ತರದ ಹುಲ್ಲು ಇಲ್ಲದ ದಿನ, ಈದ ಹಸು ತಲೆಯೆತ್ತಿ ಸುತ್ತಲೂ ನೋಡಿ, ತನ್ನ ಕರುವನ್ನು ಒಯ್ದು ಎಲ್ಲಿ ಮಲಗಿಸಬೇಕು?